ಚೀಟಿಯ ಮೇಲೆ ‘ಸಾವಯವ’ ಎಂದು ಅಚ್ಚು ಹಾಕಿಸುವ ಮೊದಲು

ಅತ್ತಿಗೆ, ಹಿತ್ತಲಲ್ಲಿ ಬೆಳೆದ ತರಕಾರಿಯನ್ನು ಮಾರುವಾಗ ‘ಶೇಕಡಾ ನೂರು ಸಾವಯವ’ ಎಂದು ಚೀಟಿ ಅಂಟಿಸಬಹುದೇ, ನಾವು ಔಷಧಿ ಹೊಡೆದೇ ಇಲ್ಲವಲ್ಲ ಎಂದು ಗುಂಪಿನಲ್ಲಿ ಕೇಳಿದ್ದೀರಿ. ವಿಷಯ ಸ್ವಲ್ಪ ದೊಡ್ಡದು, ಅದಕ್ಕೇ ಮಾತಿನಲ್ಲಿ ಹೇಳುತ್ತಿದ್ದೇನೆ. ಬಿಡುವಾದಾಗ ಪೂರ್ತಿ ಕೇಳಿ.

‘ಶೇಕಡಾ ನೂರು’ ಬೇಡವೇ ಬೇಡ. ‘ಸಾವಯವ’ ಎಂಬುದನ್ನೂ ಸದ್ಯಕ್ಕೆ ತಡೆಯಿರಿ. ನಿಮ್ಮ ಪ್ರಾಮಾಣಿಕತೆಯ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಔಷಧಿ ಹೊಡೆಯದಿರುವುದು ಸಾವಯವ ಕೃಷಿಯ ಒಂದು ಪಾಲು ಮಾತ್ರ. ಆ ಮಣ್ಣಿಗೆ ಹಿಂದೆ ಏನು ಬಿದ್ದಿತ್ತು, ಬೀಜ ಎಲ್ಲಿಯದು, ಗೊಬ್ಬರ ಯಾರ ಕೊಟ್ಟಿಗೆಯದು, ಇದಕ್ಕೆಲ್ಲ ಲೆಕ್ಕ ಬೇಕು. ಅಮೆರಿಕದ ಸಾವಯವ ನಿಯಮದಲ್ಲಂತೂ ಕೊಯ್ಲಿಗೆ ಮುಂಚಿನ 3 ವರ್ಷ ಆ ನೆಲಕ್ಕೆ ಸಾವಯವ ಕೃಷಿಯಲ್ಲಿ ನಿಷೇಧಿಸಿದ ವಸ್ತು ಯಾವುದೂ ಬಿದ್ದಿರಬಾರದು.

ನನಗೆ ಹೆಚ್ಚು ಚಿಂತೆ ಇರುವುದು ನೀವು ಹೊರಗಿನಿಂದ ತರಿಸುವ ಸಗಣಿ ಗೊಬ್ಬರದ ಬಗ್ಗೆ. ಹುಲ್ಲುಗಾವಲಿನಲ್ಲಿ ಅಗಲ ಎಲೆಯ ಕಳೆ ಸಾಯಲೆಂದು ಅಮಿನೊಪೈರಾಲಿಡ್, ಕ್ಲೊಪೈರಾಲಿಡ್ ಎಂಬ ಕಳೆನಾಶಕಗಳನ್ನು ಸಿಂಪಡಿಸುವುದುಂಟು. ಹುಲ್ಲಿಗೆ ಏನೂ ಆಗುವುದಿಲ್ಲ, ಅದನ್ನು ತಿಂದ ಹಸುವೂ ಚೆನ್ನಾಗಿಯೇ ಇರುತ್ತದೆ. ಆ ಅಂಶ ಮಾತ್ರ ಸಗಣಿಯಲ್ಲಿ ಹೊರಬಂದು, ಗೊಬ್ಬರ ಕಳಿತ ಮೇಲೂ ಉಳಿದಿರಬಹುದು. ಆಮೇಲೆ ನಮ್ಮ ಟೊಮೆಟೊ, ಹುರುಳಿಕಾಯಿ ಗಿಡಗಳ ಚಿಗುರೆಲೆ ಬಟ್ಟಲಿನಂತೆ ಮುದುರಿಕೊಳ್ಳುತ್ತದೆ, ಕಾಂಡ ತಿರುಚುತ್ತದೆ. ನೋಡಿದವರು ನಂಜುರೋಗ ಎಂದುಕೊಳ್ಳುತ್ತಾರೆ. ಪರೀಕ್ಷೆ ಸುಲಭ: ಒಂದು ಕುಂಡದಲ್ಲಿ ಆ ಗೊಬ್ಬರ ಬೆರೆಸಿದ ಮಣ್ಣು, ಇನ್ನೊಂದರಲ್ಲಿ ಬರೀ ಮಣ್ಣು ತುಂಬಿ ಎರಡಕ್ಕೂ ಹುರುಳಿಕಾಯಿ ಬೀಜ ಹಾಕಿ. ಮೊದಲ ಎರಡು ಎಲೆಗಳಲ್ಲ, ಅವುಗಳ ನಂತರ ಬರುವ ಮೂರೆಸಳಿನ ಎಲೆಗಳನ್ನು ಹೋಲಿಸಿ ನೋಡಿ. ಒಂದು ಕುಂಡದ್ದು ಮುದುರಿ ಇನ್ನೊಂದರದ್ದು ಅಗಲವಾಗಿ ಹರಡಿದ್ದರೆ ಆ ಗೊಬ್ಬರ ಬೇಡ.

ಬೀಜವನ್ನೂ ಅಂಗೈಯಲ್ಲಿ ಹಾಕಿಕೊಂಡು ನೋಡಿ. ಗುಲಾಬಿಯೋ ನೀಲಿಯೋ ಬಣ್ಣ ಕಂಡರೆ ಅದಕ್ಕೆ ಶಿಲೀಂಧ್ರನಾಶಕ ಸವರಿರುವ ಸಾಧ್ಯತೆ ಹೆಚ್ಚು. ಥೈರಮ್‌ನಂಥ ಶಿಲೀಂಧ್ರನಾಶಕದ ಹೆಸರು ಪೊಟ್ಟಣದ ಹಿಂದೆ ಸಣ್ಣಕ್ಷರದಲ್ಲಿ ಇರಬಹುದು.

ಹಾಗಾದರೆ ‘ರಾಸಾಯನಿಕಮುಕ್ತ’ ಎಂದು ಬರೆಯೋಣ ಎನ್ನಬೇಡಿ. ಅದು ಇನ್ನೂ ದೊಡ್ಡ ಮಾತು. ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣವೂ ರಾಸಾಯನಿಕವೇ, ಅದಕ್ಕೆ ಸಾವಯವ ಕೃಷಿಯಲ್ಲೇ ಮಿತಿಯೊಳಗೆ ಅನುಮತಿ ಇದೆ. ಪಕ್ಕದವರು ಸಿಂಪಡಿಸಿದ್ದು ಗಾಳಿಯಲ್ಲಿ ತೇಲಿ ಬಂದರೆ ಅದಕ್ಕೆ ನೀವು ಹೇಗೆ ಖಾತರಿ ಕೊಡುತ್ತೀರಿ?

ಕಾನೂನು ಸಣ್ಣವರನ್ನು ಹಿಂಡುವುದಿಲ್ಲ, ಅದನ್ನೂ ಹೇಳಬೇಕು. ಭಾರತದಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟು ಮೀರದ ಬೆಳೆಗಾರರು ತಿನ್ನುವವರಿಗೇ ನೇರವಾಗಿ ಮಾರಿದರೆ ಸಾವಯವ ಪ್ರಮಾಣಪತ್ರದಿಂದ ವಿನಾಯಿತಿ ಇದೆ, ಆದರೆ ಸಾವಯವ ಆಹಾರದ ಸರ್ಕಾರಿ ಮುದ್ರೆಯಾದ ‘ಜೈವಿಕ ಭಾರತ’ವನ್ನು ಹಾಕುವಂತಿಲ್ಲ. ಅಮೆರಿಕದಲ್ಲಿ ಆ ಮಿತಿ ವರ್ಷಕ್ಕೆ 5,000 ಡಾಲರ್. ಅಲ್ಲಿಯೂ ಸರ್ಕಾರಿ ಮುದ್ರೆ ಬಳಸುವಂತಿಲ್ಲ, ಬೆಳೆಯುವ ಕ್ರಮ ದೊಡ್ಡವರಂತೆಯೇ ಇರಬೇಕು, ದಾಖಲೆಯನ್ನೂ ಇಡಬೇಕು. ಅಂದರೆ ವಿನಾಯಿತಿ ಇರುವುದು ಪತ್ರಕ್ಕೆ, ಕ್ರಮಕ್ಕಲ್ಲ. ಅಂಗಡಿಯ ಮೂಲಕ ಮಾರತೊಡಗಿದರೆ ಲೆಕ್ಕಾಚಾರವೇ ಬೇರೆಯಾಗುತ್ತದೆ.

ಚೀಟಿಯ ಮೇಲೆ ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ನಮ್ಮ ಹಿತ್ತಲಲ್ಲಿ ಬೆಳೆದದ್ದು. ರಾಸಾಯನಿಕ ಗೊಬ್ಬರವನ್ನಾಗಲಿ ಕೀಟನಾಶಕವನ್ನಾಗಲಿ ನಾವು ಹಾಕಿಲ್ಲ. ಸಾವಯವ ಪ್ರಮಾಣಪತ್ರ ಪಡೆದಿಲ್ಲ.’ ಕೆಳಗೆ ಕೊಯ್ದ ದಿನಾಂಕ. ಕೊನೆಯ ವಾಕ್ಯ ಬರೆದರೆ ಗಿರಾಕಿ ಓಡಿಹೋಗುತ್ತಾರೆ ಎಂದು ಹೆದರಬೇಡಿ. ಅದನ್ನು ಓದಿಯೂ ಕೊಳ್ಳುವವರೇ ಮತ್ತೆ ಮತ್ತೆ ಬರುವವರು.

ಒಂದು ನೋಟ್‌ಬುಕ್ ಇಂದೇ ಶುರುಮಾಡಿ. ಯಾವ ದಿನ ಯಾವ ಮಡಿಗೆ ಏನು ಹಾಕಿದಿರಿ, ಎಲ್ಲಿಂದ ತಂದಿರಿ ಎಂದು ಬರೆಯಿರಿ, ರಸೀದಿಗಳನ್ನು ಅದರೊಳಗೇ ಇಡಿ. ಮುಂದೆ ಪ್ರಮಾಣಪತ್ರ ಬೇಕೆನಿಸಿದರೆ ಮೊದಲು ಕೇಳುವುದು ಅದನ್ನೇ. ಹಸಿ ಸಗಣಿ ಹಾಕಿದ ದಿನವನ್ನು ಮರೆಯದೆ ಬರೆಯಿರಿ, ಸೊಪ್ಪಿನ ವಿಷಯದಲ್ಲಿ ಅದು ಆರೋಗ್ಯದ ಪ್ರಶ್ನೆ. ಮಣ್ಣಿಗೆ ತಾಗುವ ಬೆಳೆಯಾದರೆ ಹಸಿ ಸಗಣಿಗೂ ಕೊಯ್ಲಿಗೂ ನಡುವೆ 120 ದಿನ ಇರಬೇಕು ಎನ್ನುತ್ತದೆ ಅದೇ ಅಮೆರಿಕದ ನಿಯಮ.

ಚೀಟಿ ಅಚ್ಚಿಗೆ ಕೊಡುವ ಮುಂಚೆ ಬೀಜದ ಪೊಟ್ಟಣಗಳ ಹಿಂಬದಿಯ ಫೋಟೊ ಕಳುಹಿಸಿ, ನೋಡಿ ಹೇಳುತ್ತೇನೆ. ಗೊಬ್ಬರ ಕೊಡುವವರನ್ನು ಹಸುಗಳಿಗೆ ಹಾಕುವ ಹುಲ್ಲು ಎಲ್ಲಿಯದು ಎಂದು ಕೇಳಿಡಿ.