ಈ ವಾರದ ಸಮಸ್ಯೆ: ಬಿಟ್ಟಾತನೆ ಪಡೆದನಲ್ತೆ ಬಿಟ್ಟುದನೆಲ್ಲಂ

ಪೃಚ್ಛಕ: ಕಂದದ (ನಾಲ್ಕು ಪಾದಗಳ ಹಳೆಗನ್ನಡ ಪದ್ಯ) ಕೊನೆಯ ಪಾದ ಮೇಲಿದೆ, ಮೊದಲ ಮೂರನ್ನು ನೀವು ಹೊಸೆಯಿರಿ. ಬಾಳು ಎತ್ತಲೋ ತಿರುಗಿದಾಗಲೂ ದೈವವನ್ನು ನಂಬಿ ನಡೆದವರ ಕಥೆ ಬರಲಿ. ಬಲಿಚಕ್ರವರ್ತಿ ಬೇಡ, ಹೋದ ಸಲ ಎಲ್ಲರೂ ಅವನ ತಲೆಯ ಮೇಲೆ ಕಾಲಿಟ್ಟಾಗಿದೆ.

ಕಂದಪ್ರಿಯ:
ಪಟ್ಟದ ಪಗಲೊಳೆ ಕಾನಂ
ಮೆಟ್ಟೆಂದೊಡೆ ನಗುತೆ ಮೆಟ್ಟಿ ರಾಘವನಾಗಳ್
ಉಟ್ಟಂ ನಾರ್ಮಡಿಯನವಂ
ಬಿಟ್ಟಾತನೆ ಪಡೆದನಲ್ತೆ ಬಿಟ್ಟುದನೆಲ್ಲಂ

ಹಳೆಗನ್ನಡದ ಹುಳು: ಓಟ ಸೊಗಸು. ಆದರೆ 'ಎಲ್ಲಂ' ಹೇಗೆ? 14 ವರ್ಷ ಕಳೆದು ಮರಳಿದಾಗ ಸಿಂಹಾಸನ ಸಿಕ್ಕಿತು, ದಶರಥ ಸಿಕ್ಕನೇ?

ಕಂದಪ್ರಿಯ: ರಾಮ ಬಿಟ್ಟದ್ದು ಪಟ್ಟವನ್ನು, ತಂದೆಯನ್ನಲ್ಲ. ಪಾದ ಕೊಟ್ಟವರು ಬೇರೆ, ಜಗಳ ನನ್ನೊಂದಿಗೆ ಏಕೆ?

ಕರಾವಳಿಯ ಕಾಗೆ: ಬೈಬಲಿನ ಹಳೆಯ ಒಡಂಬಡಿಕೆಯಿಂದ ಒಂದು, ಎಲ್ಲ ಕಳೆದುಕೊಂಡರೂ ದೇವರನ್ನು ಬಿಡದ ಯೋಬನ ಕಥೆ.
ಕೊಟ್ಟಂ ಕೊಂಡಂ ದೇವಂ
ಕೆಟ್ಟೊಡಮವನಡಿಯೆ ಶರಣೆನುತ್ತಿರೆ ಯೋಬಂ
ಕೊಟ್ಟಂ ಮತ್ತಿರ್ಮಡಿಯಂ
ಬಿಟ್ಟಾತನೆ ಪಡೆದನಲ್ತೆ ಬಿಟ್ಟುದನೆಲ್ಲಂ

ಕಂದಪ್ರಿಯ: ಯೋಬ ತಾನಾಗಿ ಬಿಟ್ಟನೇ? ಅವನಿಂದ ಕಿತ್ತುಕೊಂಡದ್ದಲ್ಲವೇ?

ಕರಾವಳಿಯ ಕಾಗೆ: ಹೋದದ್ದನ್ನು ಹೋಗಲಿ ಎಂದವನೂ ಬಿಟ್ಟವನೇ. ಬೂದಿಯಲ್ಲಿ ಕುಳಿತು ಮಡಕೆಯ ಬೋಕಿಯಿಂದ ಹುಣ್ಣು ಕೆರೆದುಕೊಳ್ಳುತ್ತಿದ್ದಾಗ ಹೆಂಡತಿಯೇ 'ದೇವರನ್ನು ಶಪಿಸಿ ಸಾಯಿ' ಎಂದಳು. ಶಪಿಸಲಿಲ್ಲ.

ಪೃಚ್ಛಕ: ಭೇಷ್.

ಹಳೆಗನ್ನಡದ ಹುಳು: ಶ್ರೀನಿವಾಸ ನಾಯಕ ಪುರಂದರದಾಸನಾದದ್ದು. ಕಥೆಗೆ ವಿವರಣೆ ಬೇಕಿಲ್ಲ.
ವಿಟ್ಠಲನಾಟಕೆ ಮಣಿದಾ
ಸೆಟ್ಟಿಯು ಮೂಗುತಿಯ ನೆವದೆ ದಾಸನೆಯಾದಂ
ಪೆಟ್ಟಿಗೆ ಬರಿದಾಗೆ ಪದದೆ
ಬಿಟ್ಟಾತನೆ ಪಡೆದನಲ್ತೆ ಬಿಟ್ಟುದನೆಲ್ಲಂ

ಕಂದಪ್ರಿಯ: ಕಥೆಗೆ ಬೇಡ, ಪ್ರಾಸಕ್ಕೆ ಬೇಕು. ಪಾದಗಳ ಎರಡನೆಯ ಅಕ್ಷರ ನೋಡಿ: ಮೂರು ಪಾದಗಳಲ್ಲಿ ಟಕಾರ, ಮೊದಲನೆಯದರಲ್ಲಿ ಠಕಾರ. ಅಲ್ಲಿ ಸಜಾತಿಯ ಒತ್ತಿನ ಹಯಪ್ರಾಸ, ಇಲ್ಲಿ ವಿಜಾತಿಯ ಒತ್ತಿನ ಶರಭಪ್ರಾಸ. ಹಯದ ಲಾಯದಲ್ಲಿ ಶರಭವನ್ನು ಕಟ್ಟಿದ್ದೀರಿ.

ಹಳೆಗನ್ನಡದ ಹುಳು: ಒಂದೇ ವರ್ಗದ ಅಕ್ಷರಗಳನ್ನು ಕೂಡಿಸುವ ವರ್ಗಪ್ರಾಸ ಕವಿರಾಜಮಾರ್ಗದ ಕಾಲದಿಂದಲೂ ಉಂಟು. ತಾವು ಓದಿರುತ್ತೀರಿ ಎಂದುಕೊಂಡಿದ್ದೆ.

ಕಂದಪ್ರಿಯ: ಓದಿದ್ದೇನೆ ಸ್ವಾಮಿ. ಯುಗಾದಿಯ ಸಮಸ್ಯೆಗೆ ನಾನು 'ಶಂಖ'ವನ್ನು 'ಪಂಕ'ದೊಡನೆ ಕೂಡಿಸಿದಾಗ ಅದೇ ವರ್ಗಪ್ರಾಸವನ್ನು ಒಪ್ಪದೆ ಮೂರು ದಿನ ವಾದಿಸಿದವರು ಯಾರು?

ಹಳೆಗನ್ನಡದ ಹುಳು: ಆ ಪದ್ಯಕ್ಕೆ ಪಂಕವೇ ಬೇಕಿರಲಿಲ್ಲ.

ಕರಾವಳಿಯ ಕಾಗೆ: ಅಂಕಿತದಲ್ಲಿ 'ಪುರಂದರವಿಠಲ' ಎಂದು ಹಗುರವಾಗಿಯೇ ಬರುತ್ತಾನೆ. ನೀವು ಅವನ ಮೇಲೆ ಇಷ್ಟು ಭಾರ ಹೇರಿದ್ದೇಕೆ?

ಪೃಚ್ಛಕ: 'ಕೊಟ್ಟವನಾಟಕೆ ಮಣಿದಾ' ಎಂದರೆ ಪ್ರಾಸವೂ ಉಳಿಯುತ್ತದೆ, ಕೊಟ್ಟವನೇ ಕೊಂಡನೆಂಬ ಧ್ವನಿಯೂ ಬರುತ್ತದೆ.

ಹಳೆಗನ್ನಡದ ಹುಳು: ದಾಸರ ಪದ್ಯದಿಂದ ವಿಟ್ಠಲನನ್ನೇ ಹೊರಗಟ್ಟುವುದೇ? ಆಗದು.

ಕಂದಪ್ರಿಯ: ಸೆಟ್ಟಿ ನವಕೋಟಿಯನ್ನು ಬಿಟ್ಟ. ತಮ್ಮಿಂದ ಒಂದು ಮಹಾಪ್ರಾಣ ಬಿಡಲಾಗದು.

ಕರಾವಳಿಯ ಕಾಗೆ: ಅದಿರಲಿ, ನನಗೆ 'ಭೇಷ್' ಒಂದೇ ಮಾತೇ? 7,000 ಕುರಿ 14,000 ಆದದ್ದನ್ನು 'ಇರ್ಮಡಿ'ಯೊಳಗೆ ಹಿಡಿಸಿದ್ದೇನೆ!

ಹಳೆಗನ್ನಡದ ಹುಳು: ಕುರಿ ಸರಿ. ಮಕ್ಕಳು? ಏಳು ಗಂಡು, ಮೂರು ಹೆಣ್ಣು, ಮೊದಲಿದ್ದಷ್ಟೇ. ಇರ್ಮಡಿ ಎಲ್ಲಿ?

ಪೃಚ್ಛಕ: ಕುರಿ ಎಣಿಸಿದ್ದು ಸಾಕು. ಭಾಮಿನಿ ಷಟ್ಪದಿಯವರೊಬ್ಬರು ಬೆಳಗಿನಿಂದ ಕಾಯುತ್ತಿದ್ದಾರೆ, ಅವರಿಗೂ ಒಂದು ಪಾದ ಹೊಸೆಯಬೇಕು.