ಜರ್ಮನಿಯಲ್ಲಿ ಬೆರೆಯೋಕೆ ಆಗ್ತಿಲ್ಲ, ತಪ್ಪು ನಮ್ಮದಾ ಕಾನೂನಿನದಾ?

ತುಂಗಾತೀರ:
ಸ್ಟುಟ್‌ಗಾರ್ಟ್‌ಗೆ ಬಂದು ಒಂದೂವರೆ ವರ್ಷವಾಯಿತು. ನನ್ನದು ಬ್ಲೂ ಕಾರ್ಡ್ (ಓದಿದ ಹೊರದೇಶದ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿ), ಆಫೀಸಲ್ಲಿ ಎಲ್ಲ ಇಂಗ್ಲಿಷ್. ಬ್ಲೂ ಕಾರ್ಡ್ ಇದ್ದವರ ಹೆಂಡತಿಗೆ ವೀಸಾಕ್ಕೆ ಜರ್ಮನ್ ಪರೀಕ್ಷೆ ಬೇಡ ಅಂದಾಗ ಖುಷಿಪಟ್ಟಿದ್ದೆವು. ಈಗ ಅದೇ ತೊಡಕಾಗಿದೆ. ಕಿಂಡರ್‌ಗಾರ್ಟನ್ ಬಾಗಿಲಲ್ಲಿ ಬೇರೆ ತಾಯಂದಿರು ಮಾತಾಡುತ್ತಾ ನಿಂತರೆ ಇವಳು ಮಗಳ ಜಾಕೆಟ್ ಜಿಪ್ ಎಳೆದು ಬೇಗ ಹೊರಟುಬಿಡುತ್ತಾಳೆ. ಮೇಲಿನ ಮನೆಯ ಟರ್ಕಿ ಅಜ್ಜ 60ರ ದಶಕದಲ್ಲಿ ಬಂದವರು, ಅವರಿಗೂ ಜರ್ಮನ್ ಅಷ್ಟಕ್ಕಷ್ಟೇ. ನಾವೂ ಹಾಗೇ ಆಗಿಬಿಡುತ್ತೇವಾ ಅಂತ ಭಯ.

ಹಳೇ ಬೇರು:
ಅಜ್ಜನನ್ನು ದೂರಬೇಡಿ. 1961ರಲ್ಲಿ ಟರ್ಕಿ ಜೊತೆ ಒಪ್ಪಂದ ಆದಾಗ ಅವರನ್ನು ಕರೆಸಿದ್ದು 'ಗಾಸ್ಟ್‌ಆರ್ಬೈಟರ್' ಅಂತ, ಅಂದರೆ ಅತಿಥಿ ಕೆಲಸಗಾರರು. ಎರಡು ವರ್ಷ ದುಡಿದು ವಾಪಸ್ ಹೋಗಬೇಕು ಅನ್ನುವುದು ಮೊದಲಿನ ಲೆಕ್ಕ. ಆ ಮಿತಿ 1964ರಲ್ಲಿ ಹೋಯಿತು, ಆದರೆ ಹೋಗುವವರಿಗೆ ಭಾಷೆ ಯಾಕೆ ಅನ್ನುವ ಮನಸ್ಸು ಹೋಗಲಿಲ್ಲ. 1973ರಲ್ಲಿ ನೇಮಕಾತಿ ನಿಲ್ಲಿಸಿದರು. ಊರಿಗೆ ಹೋದರೆ ಮತ್ತೆ ಬರೋಕಾಗಲ್ಲ ಅಂತ ಹೆದರಿ ತುಂಬಾ ಜನ ಇಲ್ಲೇ ಉಳಿದು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು, ಅಂದರೆ ಜನ ಬರದಿರಲಿ ಅಂತ ಹಾಕಿದ ಬೇಲಿಯೇ ಇದ್ದವರನ್ನು ಒಳಗೆ ಉಳಿಸಿತು. ಹೊರಗಿನಿಂದ ಬಂದವರಿಗೆ ಜರ್ಮನ್ ಕಲಿಸುವ ಇಂಟಿಗ್ರೇಷನ್ ಕೋರ್ಸ್ ಕಾನೂನಿನ ಪ್ರಕಾರ ಬಂದದ್ದು 2005ರಲ್ಲಿ. ಅಷ್ಟರಲ್ಲಿ ಅಜ್ಜ ರಿಟೈರ್ ಆಗಿರಬೇಕು, ಅಲ್ವಾ?

ಕಾವೇರಿಮಗಳು:
ಅಣ್ಣ, ನಿಮ್ಮ ಮನೆಯವರ ಜಾಗದಲ್ಲಿ ನಾನೂ ಇದ್ದೆ. ಬ್ಲೂ ಕಾರ್ಡ್ ಇದ್ದವರಿಗೆ ಬಿ1 (ಮಧ್ಯಮ ಮಟ್ಟದ) ಜರ್ಮನ್ ಬಂದರೆ 21 ತಿಂಗಳಿಗೇ ಕಾಯಂ ವಾಸದ ಅನುಮತಿ, ಎ1 (ಮೊದಲ ಮೆಟ್ಟಿಲು) ಮಾತ್ರ ಆದರೆ 27 ತಿಂಗಳು. ಅದಕ್ಕೇ ನಮ್ಮವರು ಹಗಲು ರಾತ್ರಿ ಕೂತು ಓದಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ, ನಾನು ಕಲಿಯಲೂ ಇಲ್ಲ. ಎರಡು ವರ್ಷ ಸುಮ್ನೆ ಮನೆಯಲ್ಲೇ ಕಳೆಯಿತು. ಆಮೇಲೆ ಅರ್ಜಿ ಹಾಕಿ ಇಂಟಿಗ್ರೇಷನ್ ಕೋರ್ಸ್ ಸೇರಿದೆ: ಭಾಷೆಗೆ 600 ತರಗತಿ, ಇಲ್ಲಿನ ಕಾನೂನು, ಚರಿತ್ರೆಗೆ 100. ನನಗೆ ಮೊದಲ ಗೆಳತಿ ಸಿಕ್ಕಿದ್ದು ಆ ಕ್ಲಾಸಲ್ಲಿ, ಸಿರಿಯಾದವಳು. ನಮ್ಮಿಬ್ಬರ ನಡುವೆ ಇದ್ದ ಭಾಷೆ ಮುರುಕಲು ಜರ್ಮನ್ ಒಂದೇ, ಹಾಗಾಗಿ ಅದನ್ನೇ ಜಾಸ್ತಿ ಮಾತಾಡಿದೆವು.

ಗಡಿಯಾಚೆ:
ಪಾಸ್‌ಪೋರ್ಟ್ ವಿಷಯವನ್ನೂ ಮರೆಯಬೇಡಿ. 2024ರ ಜೂನ್‌ನಿಂದ ಜರ್ಮನಿ ಎರಡು ಪೌರತ್ವ ಒಪ್ಪುತ್ತದೆ, ಟರ್ಕಿಯವರು ಎರಡನ್ನೂ ಇಟ್ಟುಕೊಳ್ಳಬಹುದು. ನಮಗೆ ಭಾರತವೇ ಬಿಡುವುದಿಲ್ಲ. ಇಲ್ಲಿ ಓಟು ಹಾಕಬೇಕು ಅಂದರೆ ಊರಿನ ಪಾಸ್‌ಪೋರ್ಟ್ ಒಪ್ಪಿಸಬೇಕು. ನಾನಂತೂ ಅರ್ಜಿ ತುಂಬಿಸಿ ಡ್ರಾಯರ್‌ನಲ್ಲಿಟ್ಟು ಎಂಟು ತಿಂಗಳಾಯಿತು.

ತುಂಗಾತೀರ:
@ಕಾವೇರಿಮಗಳು, ಇದನ್ನು ಅವಳಿಗೆ ಓದಿ ಹೇಳಿದೆ. ಮಗುವನ್ನು ಬಿಟ್ಟು ಹೋಗುವಂಥ ಬೆಳಗಿನ ಕ್ಲಾಸ್ ಇರುತ್ತಾ ಅಂತ ಕೇಳುತ್ತಿದ್ದಾಳೆ.