ಗಾಳಿ ಒಂದು ಕಡೆ, ಹೊಳೆ ಇನ್ನೊಂದು ಕಡೆ: ‘ಡೌನ್‌ವಿಂಡ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೆ,

ಎರಡು ವಾರದಿಂದ ಒಂದು ಪದ ತಲೆ ತಿನ್ನುತ್ತಿದೆ: ‘ಡೌನ್‌ವಿಂಡ್’. ‘ಗಾಳಿ ಬೀಸುವ ದಿಕ್ಕಿನಲ್ಲಿ’ ಎಂದು ಬರೆದು ಮುಂದೆ ಹೋಗಬಹುದು. ನಾನೂ ಹಾಗೇ ಹೋಗಿದ್ದೆ. ಆಮೇಲೆ ಎಡವಿದೆ.

ನಾನು ಕನ್ನಡಕ್ಕೆ ತರುತ್ತಿರುವುದು ಒಂದು ಚಿಕ್ಕ ಕೈಪಿಡಿ. ಗಾಳಿ ಜೋರಾಗಿರುವ ನದಿಯಲ್ಲಿ ಕೈಟ್‌ಬೋರ್ಡಿಂಗ್ ತಂಡಗಳ ಓಟ ನಡೆಸುವುದು ಹೇಗೆ ಅಂತ ಅದು ಹೇಳುತ್ತದೆ. ಈ ಆಟ ನೋಡದವರಿಗೆ ಎರಡು ಮಾತು. ಕಾಲ ಕೆಳಗೆ ಒಂದು ಹಲಗೆ, ನಡುವಿಗೆ ಬಿಗಿದ ಪಟ್ಟಿ, ಆ ಪಟ್ಟಿಗೆ ಸಿಕ್ಕಿಸಿದ ಹಿಡಿಕೋಲು. ಅಲ್ಲಿಂದ ಇಪ್ಪತ್ತು ಇಪ್ಪತ್ತೈದು ಮೀಟರ್ ದಾರ, ದಾರದ ತುದಿಯಲ್ಲಿ ದೊಡ್ಡ ಗಾಳಿಪಟ. ಪಟ ಎಳೆಯುತ್ತದೆ, ಮನುಷ್ಯ ನೀರಿನ ಮೇಲೆ ಜಾರುತ್ತಾನೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದು ಮೊದಲ ಸಲ ಸೇರಿತು, ಓಟಗಳು ಮಾರ್ಸೇಯ ಕಡಲಲ್ಲಿ ನಡೆದವು. ಅಲ್ಲಿ ತೇಲುಗುರುತುಗಳನ್ನು ಸುತ್ತಿ ಬರುವ ಓಟ. ನನ್ನ ಕೈಪಿಡಿಯದು ಬೇರೆ. ಒಂದು ದಡದಲ್ಲಿ ಹೊರಟು, ಗಾಳಿ ಕರೆದುಕೊಂಡು ಹೋದ ಕಡೆ ಹತ್ತಾರು ಕಿಲೋಮೀಟರ್ ಹೋಗಿ, ಇನ್ನೊಂದು ದಡ ಮುಟ್ಟಬೇಕು. ವಾಪಸ್ ಬರುವ ಮಾತಿಲ್ಲ.

ಅದರಲ್ಲಿ ಒಂದು ವಾಕ್ಯ ಬಂತು. ಕಾವಲು ದೋಣಿಗಳು ಓಟಗಾರರ ‘ಡೌನ್‌ವಿಂಡ್’ ಕಡೆ ಇರಬೇಕು ಅಂತ. ನಾನು ಜಾಣತನ ತೋರಿಸಲು ಹೋಗಿ ‘ಕೆಳಗಾಳಿಯ ಕಡೆ’ ಎಂದು ಬರೆದೆ. ಕರಡು ಓದಿದ ಗೆಳತಿ ಕೇಳಿದಳು: “ಅಂದರೆ ದೋಣಿ ಹೊಳೆಯ ಕೆಳಗಡೆ ನಿಂತಿರಬೇಕು, ಅಲ್ವಾ?”

ಅಲ್ಲ. ಹೊಳೆಯ ಮೇಲ್ಗಡೆ ನಿಂತಿರಬೇಕು! ಆಕೆಯದು ತಪ್ಪಿಲ್ಲ. ನದಿಯ ಪಕ್ಕ ‘ಕೆಳಗೆ’ ಎಂದರೆ ಕನ್ನಡದವರು ಮೊದಲು ನೆನೆಯುವುದು ನೀರು ಇಳಿಯುವ ಕಡೆಯನ್ನು. ಗಾಳಿಗೂ ಒಂದು ಮೇಲು ಕೆಳಗು ಇದೆ ಅಂತ ನಾವು ಯಾವತ್ತೂ ಎಣಿಸಿದವರಲ್ಲ.

ಕೈಪಿಡಿ ಮನಸ್ಸಿನಲ್ಲಿಟ್ಟುಕೊಂಡಿರುವ ನದಿ ಅಮೆರಿಕದ ಕೊಲಂಬಿಯಾ. ಕ್ಯಾಸ್ಕೇಡ್ ಬೆಟ್ಟಸಾಲನ್ನು ಸೀಳಿಕೊಂಡು ಪಡುವಣಕ್ಕೆ, ಪೆಸಿಫಿಕ್ ಕಡಲಿಗೆ ಹರಿಯುತ್ತದೆ. ಸೀಳಿದ ಕಣಿವೆ ಸುಮಾರು 130 ಕಿಲೋಮೀಟರ್ ಉದ್ದ. ಬೇಸಿಗೆಯಲ್ಲಿ ಮೂಡಣದ ಒಣ ನೆಲ ಕಾದು ಅಲ್ಲಿನ ಗಾಳಿ ಹಗುರಾಗಿ ಮೇಲೇಳುತ್ತದೆ. ಪಡುವಣದ ಕಡಲ ಮೇಲಿನ ತಣ್ಣನೆಯ ಭಾರದ ಗಾಳಿ ಆ ಜಾಗ ತುಂಬಲು ನುಗ್ಗುತ್ತದೆ. ಬೆಟ್ಟಸಾಲಿನಲ್ಲಿ ತಗ್ಗಾದ ಬಾಗಿಲು ಈ ಕಣಿವೆಯೇ. ಹಾಗಾಗಿ ಗಾಳಿ ಪೂರ್ವಕ್ಕೆ, ನೀರು ಪಶ್ಚಿಮಕ್ಕೆ. ಎರಡೂ ಎದುರುಬದುರು ತಿಕ್ಕುವುದರಿಂದ ತೆರೆಗಳು ಕಡಿದಾಗಿ ಎದ್ದು ನಿಲ್ಲುತ್ತವೆ. ಆಟಗಾರರಿಗೆ ಬೇಕಾದ್ದೂ ಅದೇ. ಬ್ರಿಜ್ ಆಫ್ ದಿ ಗಾಡ್ಸ್ ಎಂಬ 1926ರ ಹಳೆಯ ಸೇತುವೆಯ ಹತ್ತಿರದಿಂದ ಹುಡ್ ರಿವರ್ ಊರಿನವರೆಗೆ ಹೆಚ್ಚು ಕಡಿಮೆ ಮೂವತ್ತು ಕಿಲೋಮೀಟರ್. ಗಾಳಿಯ ಲೆಕ್ಕದಲ್ಲಿ ಇದು ‘ಡೌನ್’, ನದಿಯ ಲೆಕ್ಕದಲ್ಲಿ ‘ಅಪ್’. ಚಳಿಗಾಲದಲ್ಲಿ ಗಾಳಿ ಮಗುಚಿ ಮೂಡಣದಿಂದ ಬೀಸಿದಾಗ ಎರಡೂ ಒಂದೇ ಕಡೆ! ಸುಮ್ನೆ ಒಂದು ಪದ ಹಾಕಿ ಕೈ ತೊಳೆದುಕೊಳ್ಳುವ ಹಾಗಿಲ್ಲ ಎಂದು ನನಗೆ ಅನಿಸಿದ್ದು ಇಲ್ಲೇ.

ಸರಿ, ‘ಕೆಳಗಾಳಿ’ ಹೋಯಿತು. ಅದರ ಜೊತೆ ‘ಮೇಲ್ಗಾಳಿ’ಯೂ ಹೋಯಿತು.

‘ಗಾಳಿಯ ದಿಕ್ಕು’ ನೋಡೋಣ. ಇದನ್ನು ನಂಬಿಕೊಂಡಿದ್ದೆ, ಇದೇ ಜಾಸ್ತಿ ಕೈಕೊಟ್ಟಿತು. ‘ಗಾಳಿಯ ದಿಕ್ಕಿನಲ್ಲಿ ಹೋಗು’ ಎಂದರೆ ಗಾಳಿಯ ಜೊತೆ ಹೋಗು ಎಂದು ಎಲ್ಲರೂ ಒಪ್ಪುತ್ತಾರೆ. ‘ಗಾಳಿಯ ದಿಕ್ಕಿಗೆ ತಿರುಗಿ ನಿಲ್ಲು’ ಎಂದರೆ? ನಾಲ್ಕು ಜನರನ್ನು ಕೇಳಿದೆ. ಮೂವರು ಗಾಳಿಗೆ ಮುಖ ಕೊಟ್ಟು ನಿಲ್ಲುತ್ತೇವೆ ಎಂದರು. ಒಬ್ಬರು ಬೆನ್ನು ಕೊಟ್ಟು. ‘ಅಲ್ಲಿ’ ಹೋಗಿ ‘ಗೆ’ ಬಂದದ್ದೇ ತಡ, ಅರ್ಥ ಪೂರ್ತಿ ತಿರುಗಿತು. ‘ಪಡುವಣ ಗಾಳಿ’ ಎಂದಾಗ ಅದು ಪಡುವಣದಿಂದ ಬರುವ ಗಾಳಿ. ‘ಪಡುವಣ ದಾರಿ’ ಎಂದಾಗ ಪಡುವಣಕ್ಕೆ ಹೋಗುವ ದಾರಿ. ಗಾಳಿಯನ್ನು ಅದು ಬಂದ ಕಡೆಯಿಂದ ಗುರುತಿಸುತ್ತೇವೆ, ಮಿಕ್ಕದ್ದನ್ನೆಲ್ಲ ಹೋಗುವ ಕಡೆಯಿಂದ. ಕತೆ ಬರೆಯುವಾಗ ಇದು ನಡೆಯುತ್ತದೆ. ಪಟವನ್ನು ಎಬ್ಬಿಸಲು ಹಿಡಿದುಕೊಂಡು ನಿಂತ ಸಹಾಯಕ ಯಾವ ಕಡೆ ನಿಲ್ಲಬೇಕು ಎಂದು ಹೇಳುವಾಗ ನಡೆಯುವುದಿಲ್ಲ. ತಪ್ಪಿದರೆ ಪಟ ಒಮ್ಮೆಲೇ ಗಾಳಿ ತುಂಬಿಕೊಂಡು ಆಟಗಾರನನ್ನು ದಡದ ಕಲ್ಲುಗಳ ಮೇಲೆ ಎಳೆದುಕೊಂಡು ಹೋಗುತ್ತದೆ.

ಭೂಗೋಳದ ಪಾಠದ ಧಾಟಿಯಲ್ಲಿ ‘ವಾತಾಭಿಮುಖ’, ‘ವಾತವಿಮುಖ’ ಎನ್ನಬಹುದು. ನೀರಿನ ಮಧ್ಯೆ ನಿಂತು ಕೂಗಿ ಹೇಳುವ ಪದಗಳಲ್ಲ ಇವು. ‘ಗಾಳಿಮರೆ’ ಚೆಂದದ ಪದ, ಆದರೆ ಅದಕ್ಕೆ ಮರೆ ಮಾಡುವ ಒಂದು ಬೆಟ್ಟವೋ ಗೋಡೆಯೋ ಬೇಕು. ಬಯಲು ನೀರಿನಲ್ಲಿ ಗಾಳಿ ಹೋಗುವ ಕಡೆಯ ದಡಕ್ಕೆ ಯಾವ ಮರೆಯೂ ಇಲ್ಲ. ಅದು ಗಾಳಿ ನಮ್ಮನ್ನು ಒಯ್ದು ಕುಕ್ಕುವ ದಡ.

‘ಬೆನ್ನುಗಾಳಿ’? ‘ಎದುರುಗಾಳಿ’ಗೆ ಜೋಡಿಯಾಗಿ ಇದು ತಟ್ಟನೆ ಹೊಳೆಯಿತು, ಕೇಳಲೂ ಹಿತ. ಸೈಕಲ್ ಸವಾರನಿಗೆ ಸಾಕು. ಆದರೆ ಕೈಟ್‌ಬೋರ್ಡ್ ಮೇಲೆ ಇರುವವರಿಗೆ ಗಾಳಿ ನೆಟ್ಟಗೆ ಬೆನ್ನಿಗೆ ಬೀಸುವುದು ಕಡಿಮೆ. ಪಟ ಇರುವ ಕಡೆಗೇ ನೇರವಾಗಿ ಓಡಿದರೆ ದಾರ ಸಡಿಲ ಬೀಳುತ್ತದೆ, ಎಳೆತ ಹೋಗುತ್ತದೆ, ಪಟ ಗೋತಾ ಹೊಡೆಯುತ್ತದೆ. ಅದಕ್ಕೇ ಅವರು ಓರೆಯಾಗಿ ಈ ದಡದ ಕಡೆ, ಮತ್ತೆ ಓರೆಯಾಗಿ ಆ ದಡದ ಕಡೆ, ಹೀಗೆ ಸೊಟ್ಟಸೊಟ್ಟಗೆ ಮುಂದೆ ಹೋಗುತ್ತಾರೆ. ಮೂವತ್ತು ಕಿಲೋಮೀಟರ್ ಓಟದಲ್ಲಿ ಜಾರಿದ ದೂರ ಅದಕ್ಕಿಂತ ಸಾಕಷ್ಟು ಜಾಸ್ತಿ. ಪಯಣ ಗಾಳಿಯ ಜೊತೆ, ಹೆಜ್ಜೆ ಗಾಳಿಗೆ ಓರೆ. ‘ಬೆನ್ನುಗಾಳಿ ಓಟ’ ಎಂದು ಹೆಸರಿಟ್ಟರೆ ಹೊಸಬರಿಗೆ ತಪ್ಪು ಪಾಠ ಹೇಳಿಕೊಟ್ಟಂತೆ.

ಹೀಗೆ ತಡಕಾಡುವಾಗ ‘ಗುಂಟ’ ನೆನಪಾಯಿತು. ದಾರಿಗುಂಟ, ಹೊಳೆಗುಂಟ, ಗೋಡೆಗುಂಟ. ಹಾಗೇ ಗಾಳಿಗುಂಟ. ದಾರಿಗುಂಟ ನಡೆಯುವವನು ದಾರಿಯ ನಡುಗೆರೆ ಹಿಡಿದೇ ನಡೆಯಬೇಕು ಅಂತಿಲ್ಲ, ಈ ಬದಿ ಆ ಬದಿ ಅಲೆದರೂ ದಾರಿಗುಂಟವೇ. ಸೊಟ್ಟ ನಡೆಗೆ ಜಾಗ ಇದೆ, ಮೇಲು ಕೆಳಗಿನ ಗೊಡವೆ ಇಲ್ಲ. ‘ಓಟ ಗಾಳಿಗುಂಟ ಸಾಗುತ್ತದೆ, ಹೊಳೆಗೆ ಎದುರಾಗಿ’ ಎಂದು ಬರೆದು ಗೆಳತಿಗೆ ಮತ್ತೆ ಓದಿಸಿದೆ. ಈ ಸಲ ಪ್ರಶ್ನೆ ಬರಲಿಲ್ಲ.

ಆದರೆ ‘ಗಾಳಿಗುಂಟ’ ನಡೆಗೆ ಹೊಂದುವ ಪದ, ನೆಲೆಗೆ ಹೊಂದುವುದಿಲ್ಲ. ‘ನಿನ್ನ ಡೌನ್‌ವಿಂಡ್‌ನಲ್ಲಿ ಇರುವವನು’ ಎನ್ನುವುದಕ್ಕೆ ‘ನಿನ್ನ ಗಾಳಿಗುಂಟ ಇರುವವನು’ ಎಂದರೆ ಕನ್ನಡವೇ ಅಲ್ಲ. ಈ ನೆಲೆಯ ಮಾತು ಎಲ್ಲಕ್ಕಿಂತ ಮುಖ್ಯವಾದ ನಿಯಮದಲ್ಲಿ ಬರುತ್ತದೆ. ಇಬ್ಬರು ಒಬ್ಬರನ್ನೊಬ್ಬರು ಹಾಯುವಾಗ, ಗಾಳಿ ಬರುವ ಕಡೆ ಇರುವವರು ಪಟವನ್ನು ಎತ್ತರಕ್ಕೆ ಒಯ್ಯಬೇಕು, ಗಾಳಿ ಹೋಗುವ ಕಡೆ ಇರುವವರು ತಗ್ಗಿಗೆ ತರಬೇಕು. ಇಲ್ಲದಿದ್ದರೆ ದಾರಕ್ಕೆ ದಾರ ಸುತ್ತಿಕೊಳ್ಳುತ್ತದೆ. ಇಲ್ಲಿ ಬೇಸರದ ಸಂಗತಿ ಏನೆಂದರೆ, ನಾನು ಆಚೆ ಎಸೆದ ಮೇಲು ಕೆಳಗು ಇಲ್ಲಿ ಮುದ್ದಾಗಿ ಕೂರುತ್ತಿತ್ತು: ‘ಮೇಲಿನವರ ಪಟ ಮೇಲೆ, ಕೆಳಗಿನವರ ಪಟ ಕೆಳಗೆ.’ ಮಕ್ಕಳೂ ಮರೆಯದ ಸೂತ್ರ. ಕಡಲಲ್ಲಾದರೆ ಇದನ್ನೇ ಇಡುತ್ತಿದ್ದೆ. ಹೊಳೆಯಲ್ಲಿ ‘ಮೇಲಿನವರು’ ಯಾರು ಎಂದು ಜಗಳ ಶುರುವಾಗುವ ಹೊತ್ತಿಗೆ ದಾರ ಸುತ್ತಿಕೊಂಡಾಗಿರುತ್ತದೆ. ಕೊನೆಗೆ ‘ಗಾಳಿ ಮೊದಲು ತಾಗುವವರು ಪಟ ಎತ್ತಲಿ, ಆಮೇಲೆ ತಾಗುವವರು ಪಟ ತಗ್ಗಿಸಲಿ’ ಎಂದು ಬರೆದಿದ್ದೇನೆ. ಉದ್ದವಾಯಿತು. ಆದರೆ ಇದರಲ್ಲಿ ಗೊಂದಲ ಇಲ್ಲ. ಇದಕ್ಕಿಂತ ಚಿಕ್ಕದು ಯಾರ ಹತ್ತಿರವಾದರೂ ಇದೆಯೇ?

ಇನ್ನೊಂದು ಗಂಟು ‘ಡೌನ್‌ವಿಂಡರ್’. ಆಟದವರ ಬಾಯಲ್ಲಿ ಇದು ಮನುಷ್ಯ ಅಲ್ಲ, ಪಯಣ. ಗಾಳಿಗುಂಟ ಹೋಗುವ ಒಂದು ಸುತ್ತಾಟ. ಇಂಗ್ಲಿಷಿನ ಆ ಕೊನೆಯ ‘ಅರ್’ ನೋಡಿ ಎಲ್ಲವನ್ನೂ ‘-ಗಾರ’ ಮಾಡುವ ಚಟ ನನಗೂ ಇದೆ. ಮೊದಲ ಕರಡಿನಲ್ಲಿ ‘ಬೆಳಗ್ಗೆ ಒಬ್ಬ ಗಾಳಿಗಾರನನ್ನು ಮುಗಿಸಿ ಊಟಕ್ಕೆ ಬಂದರು’ ಎಂಬ ಭಯಂಕರ ವಾಕ್ಯ ಬಂದಿತ್ತು.

ಆದರೆ ಅದೇ ಕೊಲಂಬಿಯಾದ ದಡದಲ್ಲಿ, ಇನ್ನಷ್ಟು ಮೇಲ್ಗಡೆ, ಈ ಪದಕ್ಕೆ ಮನುಷ್ಯರ ಅರ್ಥವೂ ಇದೆ. ಅಲ್ಲಿನ ಹ್ಯಾನ್‌ಫರ್ಡ್ ಎಂಬಲ್ಲಿ 1943ರಲ್ಲಿ ಅಣುಬಾಂಬಿಗೆ ಪ್ಲುಟೋನಿಯಂ ತಯಾರಿಸುವ ನೆಲೆ ಕಟ್ಟಲು ಶುರುಮಾಡಿದರು. ಮುಂದಿನ ವರ್ಷಗಳಲ್ಲಿ ಅದರಿಂದ ವಿಕಿರಣ ಸೂಸುವ ಅಯೋಡಿನ್ ಗಾಳಿಗೆ ಸೇರಿತು. 1949ರ ಡಿಸೆಂಬರಿನಲ್ಲಿ ಒಂದು ಸಲ ಬೇಕೆಂದೇ ಬಿಟ್ಟರು. ಆ ಗಾಳಿ ಹೋದ ಕಡೆಯ ಊರು, ಹೊಲ, ಹೈನಿನವರು ಇಂದಿಗೂ ತಮ್ಮನ್ನು ‘ಡೌನ್‌ವಿಂಡರ್ಸ್’ ಎಂದು ಕರೆದುಕೊಳ್ಳುತ್ತಾರೆ. ನೆವಾಡಾದ ಬಾಂಬ್ ಪರೀಕ್ಷೆಗಳ ಗಾಳಿಗೆ ಸಿಕ್ಕವರಿಗೂ ಇದೇ ಹೆಸರು. ಅವರಿಗೆ ಪರಿಹಾರ ಕೊಡಲು 1990ರಲ್ಲಿ ಕಾನೂನೇ ಬಂತು. ಒಂದೇ ನದಿ, ಒಂದೇ ಪದ, ಒಬ್ಬರಿಗೆ ರಜೆಯ ಆಟ, ಇನ್ನೊಬ್ಬರಿಗೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಕಾಯಿಲೆಯ ಅಂಜಿಕೆ. ಇವರನ್ನು ಕನ್ನಡದಲ್ಲಿ ಏನೆಂದು ಕರೆಯೋಣ? ‘ಗಾಳಿ ಸೋಕಿದವರು’ ಎಂದು ಬರೆಯಲು ಕೈ ಹೋಯಿತು, ನಿಂತಿತು. ನಮ್ಮಲ್ಲಿ ಗಾಳಿ ಸೋಕಿದರೆ ತಾಯತ ಕಟ್ಟಬೇಕಾಗುತ್ತದೆ. ಆದರೂ ಕಣ್ಣಿಗೆ ಕಾಣದ್ದು ಮೈಗೆ ಹತ್ತಿಕೊಂಡಿತು ಎಂಬ ಅಂಜಿಕೆ ಆ ಮಾತಿನಲ್ಲಿ ಇದೆಯಲ್ಲ, ಅದು ಇಲ್ಲಿಗೆ ಸಲ್ಲುತ್ತದೆ ಅನಿಸುತ್ತದೆ. ಬೇಡ ಎನ್ನುವವರು ಯಾಕೆಂದು ಹೇಳಿ.

ಉಳಿದವು ಸಣ್ಣಪುಟ್ಟವು. ‘ಕೈಟ್’ಗೆ ‘ಪಟ’ ಸಾಕು ಎಂದುಕೊಂಡಿದ್ದೇನೆ. ಇಂಗ್ಲಿಷಿನವರು ಹದ್ದಿನ ಹೆಸರು ಇಟ್ಟರು, ನಾವು ಬಟ್ಟೆಯ ಹೆಸರು ಇಟ್ಟೆವು. ಕಾಗದದ ಗಾಳಿಪಟಕ್ಕಿಂತ ಈ ಬಟ್ಟೆಯ ದೈತ್ಯನಿಗೆ ಅದು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಒಂದು ಎಚ್ಚರ ಬೇಕು. ‘ದಡಕ್ಕೆ ಬಂದ ಕೂಡಲೇ ಪಟ ತೆಗೆಯಿರಿ’ ಎಂದು ಬರೆದರೆ ಎಲ್ಲರೂ ಮೊಬೈಲ್ ತೆಗೆಯುತ್ತಾರೆ. ‘ಪಟ ಇಳಿಸಿ’ ಎಂದೇ ಬರೆಯಬೇಕು.

ಗಾಳಿಯ ವೇಗದ ‘ನಾಟ್’ ಅನ್ನು ‘ಗಂಟು’ ಮಾಡಬಹುದೇ? ಹಡಗಿನವರು ಹಗ್ಗಕ್ಕೆ ಗಂಟು ಹಾಕಿ ನೀರಿಗೆ ಬಿಟ್ಟು ಎಣಿಸಿದ್ದರಿಂದಲೇ ಆ ಹೆಸರು, ಹಾಗಾಗಿ ಅರ್ಥ ಸರಿ. ಆದರೆ ‘ಗಂಟೆಗೆ 25 ಗಂಟು’ ಎಂದು ಯಾರಾದರೂ ಬರೆದೇ ಬರೆಯುತ್ತಾರೆ. ಒಂದು ನಾಟ್ ಎಂದರೇನೇ ಗಂಟೆಗೆ 1.852 ಕಿಲೋಮೀಟರ್, ಗಂಟೆ ಅದರೊಳಗೇ ಇದೆ. ‘ನಾಟ್’ ಹಾಗೇ ಇರಲಿ.

ಎಲ್ಲರ ಹಿಂದೆ ಬಂದು, ಸೋತವರನ್ನೂ ತೇಲಿಹೋದ ಹಲಗೆಗಳನ್ನೂ ಎತ್ತಿಕೊಳ್ಳುವ ದೋಣಿಗೆ ಇಂಗ್ಲಿಷಿನಲ್ಲಿ ಗುಡಿಸುವ ದೋಣಿ ಎಂಬರ್ಥದ ಹೆಸರಿದೆ. ನನಗೆ ‘ಬಾಲಂಗೋಚಿ ದೋಣಿ’ ಎನ್ನುವ ಆಸೆ. ಪಟದ ಓಟಕ್ಕೆ ಪಟದ ಬಾಲ! ದೋಣಿ ನಡೆಸುವವರು ಕೋಪಿಸಿಕೊಳ್ಳುತ್ತಾರೇನೋ, ಯಾರ ಹಿಂದೆಯೋ ಅಲೆಯುವವರನ್ನು ಬೈಯಲು ಅದೇ ಪದ ತಾನೇ. ಸದ್ಯಕ್ಕೆ ‘ಕಡೆ ದೋಣಿ’ ಎಂದು ಹಾಕಿದ್ದೇನೆ, ಮನಸ್ಸಿಲ್ಲದ ಮನಸ್ಸಿನಿಂದ.

ತಂಡದ ಲೆಕ್ಕ ಬರೆಯುವುದು ಸುಲಭವಾಯಿತು. ‘ಕಟ್ಟಕಡೆಯವರು ದಡ ಮುಟ್ಟಿದ ಹೊತ್ತೇ ತಂಡದ ಹೊತ್ತು.’ ಪರವಾನಗಿಯ ಅಧ್ಯಾಯವೂ ತೊಂದರೆ ಕೊಡಲಿಲ್ಲ. ಅಲ್ಲಿ ಗೋಧಿ ಹೊತ್ತ ಬಾರ್ಜುಗಳು ಓಡಾಡುತ್ತವೆ. ಹೊಸದಾಗಿ ಓಟ ನಡೆಸುವವರು ಕೋಸ್ಟ್ ಗಾರ್ಡಿಗೆ 135 ದಿನ ಮೊದಲೇ ಅರ್ಜಿ ಹಾಕಬೇಕು. ಅಲ್ಲೂ ಒಂದು ಕಡೆ ಮಾತ್ರ ಪೆನ್ನು ನಿಂತಿತು. ‘ನಿಯಮಗಳನ್ನು ಗಾಳಿಗೆ ತೂರಿದವರನ್ನು ಹೊರಹಾಕಲಾಗುವುದು’ ಎಂದು ಬರೆದು ನಾನೇ ನಕ್ಕೆ, ಹೊಡೆದುಹಾಕಲಿಲ್ಲ.

ಈಗ ನನ್ನ ಪ್ರಶ್ನೆಗಳು. ‘ಗುಂಟ’ ನಿಮ್ಮ ಮಾತಿನಲ್ಲಿ ಈಗಲೂ ಇದೆಯೇ, ಅಥವಾ ಓದಿನಲ್ಲಿ ಮಾತ್ರ ಉಳಿದಿದೆಯೇ? ಬಳಸುವವರಿಗೆ ‘ಗಾಳಿಗುಂಟ’ ಕಿವಿಗೆ ಒರಟಾಗುತ್ತದೆಯೇ? ದೋಣಿ, ಬಲೆ, ಹಾಯಿಯ ಕೆಲಸದವರ ಒಡನಾಟ ಇರುವವರು ಅವರು ಗಾಳಿಯ ಈ ಎರಡು ಕಡೆಗಳಿಗೆ ಏನೆನ್ನುತ್ತಾರೆ ಎಂದು ಕೇಳಿ ಬರೆಯಿರಿ. ರಾಶಿ ತೂರುವವರನ್ನೂ ಕೇಳಬಹುದು. ಹೊಟ್ಟು ಬೀಳುವ ಕಡೆಗೆ ಅವರು ಒಂದು ಹೆಸರು ಇಟ್ಟುಕೊಂಡಿಲ್ಲ ಎಂದರೆ ನಾನು ನಂಬುವುದಿಲ್ಲ.